ಡೇರೆಯಿಂದ ಸಿನಿಮಾಕ್ಕೆ ಹೋದ ನಾವು ನಾಲ್ವರು

ನಗಿಸೋದನ್ನೇ ಕಸುಬು ಮಾಡಿಕೊಂಡವರ ಮನೆಗೆ ಫಜೀತಿ ತಾನೇ ಹುಡುಕಿಕೊಂಡು ಬರುತ್ತೆ. ಬರಬೇಡ ಅಂದರೂ ಬರುತ್ತೆ, ಬಂದಮೇಲೆ ಬೇಗ ಹೋಗೋದೂ ಇಲ್ಲ.

ನಮ್ಮದು ನಾಲ್ಕು ಜನರ ತಂಡ. ಅಪ್ಪ, ಅವ್ವ, ಚಿಕ್ಕಪ್ಪ, ನಾನು. ಎಪ್ಪತ್ತರ ದಶಕದಲ್ಲಿ ಒಂದು ನಾಟಕ ಕಂಪನಿಯ ಜತೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ಡೇರೆ ಹಾಕಿದ ಕಡೆಯೆಲ್ಲ ತಿರುಗುತ್ತಿದ್ದೆವು. ದೊಡ್ಡ ನಾಟಕ ನಮ್ಮದಲ್ಲ. ಅರಮನೆಯ ಪರದೆ ಎತ್ತಿ ಕಾಡಿನ ಪರದೆ ಇಳಿಸೋಕೆ ಹತ್ತು ನಿಮಿಷ ಬೇಕಲ್ಲ, ಅಷ್ಟರಲ್ಲಿ ಜನ ಬೀಡಿ ಸೇದೋಕೆ ಎದ್ದು ಹೋಗದ ಹಾಗೆ ನಗಿಸಿ ಕೂರಿಸೋದು ನಮ್ಮ ಕೆಲಸ. ಹಗ್ಗ ಸಿಕ್ಕಿಕೊಂಡರೆ ಹತ್ತು ಇಪ್ಪತ್ತಾಗುತ್ತಿತ್ತು. ಹಗ್ಗ ಎಳೆಯೋನು ಉಣ್ಣೋಕೆ ಹೋಗಿದ್ದರೆ ದೇವರೇ ಗತಿ.

ಜಗಳೂರಿನ ಅಜ್ಜಿ

ನನಗೆ ಆಗ ಒಂಬತ್ತು ವರ್ಷ. ಆದರೆ ನಾನು ಮಾಡುತ್ತಿದ್ದದ್ದು ಅತ್ತೆ ಪಾತ್ರ, ಸೊಸೆ ನಮ್ಮವ್ವ. ಬಿಳಿ ಕೂದಲಿನ ಟೋಪನ್ ಹಾಕಿಕೊಂಡು, ಗೇಣುದ್ದದ ಅತ್ತೆ ಎತ್ತರದ ಸೊಸೆಯನ್ನು ಸ್ಟೇಜ್ ತುಂಬ ಅಟ್ಟಾಡಿಸೋದೇ ತಮಾಷೆ. ಮನೆಯಲ್ಲಿ ಬೈಸಿಕೊಂಡಿದ್ದನ್ನೆಲ್ಲ ನಾನು ಅಲ್ಲಿ ತೀರಿಸಿಕೊಳ್ಳುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಜಗಳೂರಲ್ಲಿ ನಾಟಕದ ಮಾರನೇ ಬೆಳಗ್ಗೆ ಒಬ್ಬ ಅಜ್ಜಿ ನಮ್ಮ ಬಿಡಾರಕ್ಕೆ ಬಂದಳು. ಕೈಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಅವ್ವನ ಮುಂದೆ ಕೂತು, "ನಾನೂ ಅತ್ತೆ ಕೈಯಾಗೆ ಪಡಬಾರದ್ದು ಪಟ್ಟೀನಿ ಕಣವ್ವ. ಆದ್ರೆ ನಿಮ್ಮತ್ತೆ ಅಷ್ಟು ಗಿಡ್ಡ ಅದಾಳೆ, ಆಕಿಗೆ ಯಾಕೆ ಹೆದರ್ತೀಯ? ಎಲ್ಲಿ ಅದಾಳೆ, ಕರಿ, ನಾನೇ ಎಲ್ಡು ಮಾತು ಕೇಳ್ತೀನಿ" ಅಂದಳು.

ಅವ್ವ ಅಂಗಳದ ಕಡೆ ಕೈ ತೋರಿಸಿದಳು. ನಾನು ಲಂಗ ಎತ್ತಿಕಟ್ಟಿಕೊಂಡು ಕುಂಟೆಬಿಲ್ಲೆ ಆಡುತ್ತಿದ್ದೆ. "ಆಕಿನೇ ಕಣಜ್ಜಿ. ನನ್ನ ಮಗಳು."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ರೊಟ್ಟಿ ಗಂಟನ್ನು ಅವ್ವನ ಮಡಿಲಿಗೆ ಹಾಕಿ, "ಪೂರಾ ನೀನೇ ಉಣ್ಣು. ಈಗಲೇ ಹಿಂಗದಾಳೆ, ಇನ್ನು ವಯಸ್ಸಾದಮ್ಯಾಲೆ ನಿನ್ನ ಗತಿ ಏನವ್ವ" ಅಂದು ಎದ್ದು ಹೋದಳು.

ನ್ಯಾಮತಿಯ ಹೆಣ

ನಮ್ಮ ಕಡೆ ನಾಟಕದ ನಡುವೆಯೇ ಮುಯ್ಯಿ ಮಾಡೋ ಪದ್ಧತಿ. ಪಾತ್ರ ಹಿಡಿಸಿತು ಅಂದರೆ ಯಾರು ಬೇಕಾದರೂ ಸ್ಟೇಜ್ ಹತ್ತಿ ಪಾತ್ರಧಾರಿಗೆ ಟವೆಲ್ ಹೊದಿಸಬಹುದು. ಹೊದಿಸಿದವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಅಲ್ಲಿಯವರೆಗೆ ರಾಜನೇ ಆಗಲಿ ರಾಕ್ಷಸನೇ ಆಗಲಿ ಕೈ ಮುಗಿದು ನಿಂತಿರಬೇಕು.

ನ್ಯಾಮತಿಯಲ್ಲಿ ಚಿಕ್ಕಪ್ಪ ಜಿಪುಣನ ಪಾತ್ರ ಮಾಡಿ ಸತ್ತು ಬಿದ್ದಿದ್ದ. ಅವ್ವ ಹೆಂಡತಿಯಾಗಿ ಎದೆ ಬಡಿದುಕೊಂಡು ಅಳುತ್ತಿದ್ದಳು. ಆ ಹೊತ್ತಿಗೇ ಗೋವಿನಕೋವಿಯ ಯಜಮಾನರೊಬ್ಬರು ಟವೆಲ್ ಹಿಡಿದು ಮೇಲೆ ಬಂದರು. ಸತ್ತವನಿಗೆ ಮುಯ್ಯಿ ಮಾಡಿದ್ದು ನಾವು ಅಲ್ಲಿಯವರೆಗೆ ಕಂಡಿರಲಿಲ್ಲ. ಎದ್ದರೆ ನಾಟಕ ಕೆಡುತ್ತೆ, ಏಳದಿದ್ದರೆ ಯಜಮಾನರಿಗೆ ಅವಮರ್ಯಾದೆ. ಚಿಕ್ಕಪ್ಪ ಒಂದು ಕ್ಷಣ ಯೋಚನೆ ಮಾಡಿ ಎದ್ದು ಕೂತ, ಕೈ ಮುಗಿದ.

"ಮಲಕ್ಕಳ್ರಿ, ಮಲಕ್ಕಳ್ರಿ, ಏಳಬ್ಯಾಡ್ರಿ" ಅಂತ ಯಜಮಾನರು ಟವೆಲನ್ನು ಕಾಲಿನಿಂದ ಎದೆಯವರೆಗೆ ನೀಟಾಗಿ ಹೊದಿಸಿ ಇಳಿದು ಹೋದರು. ಮೈಕಿನಲ್ಲಿ ಹೆಸರು ಕೂಗಿದ್ದಾಯಿತು. ಚಿಕ್ಕಪ್ಪ ಮತ್ತೆ ಸತ್ತ.

ಅವ್ವ ಬಿಟ್ಟ ಕಡೆಯಿಂದ ಅಳು ಶುರು ಮಾಡಿದಳು. ಅವಳ ಮುಂದಿನ ಮಾತು ಹೀಗಿತ್ತು: "ಅಯ್ಯೋ ನನ್ನ ರಾಜಾ, ಇನ್ನೊಂದು ಸಲ ಕಣ್ಣು ಬಿಡಬಾರದಾ?"

ಹಿಂದಿನ ಸಾಲಿನಿಂದ ಒಬ್ಬ, "ಇನ್ನೊಂದು ಟವೆಲ್ ಬರಲಿ ತಡಿಯಮ್ಮ, ಬಿಡ್ತಾನೆ" ಅಂದ.

ಸೂಳೆಕೆರೆ ಏರಿ ಮೇಲೆ

ಎಂಬತ್ತರ ದಶಕ ಬರೋ ಹೊತ್ತಿಗೆ ಡೇರೆ ಅರ್ಧ ಖಾಲಿ. ಜನ ಸಿನಿಮಾಕ್ಕೆ ಹೋಗುತ್ತಿದ್ದರು. ನಾವೂ ಹೋಗುತ್ತಿದ್ದೆವು, ಅದು ಬೇರೆ ಮಾತು. ಚನ್ನಗಿರಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನನ್ನ ಸೋದರಮಾವ ಅಪ್ಪನಿಗೆ, "ಭಾವ, ಸಾಕು ಮಾಡ್ರಿ. ಅಂಗಡೀಗೆ ಬಂದು ಕುಂದ್ರಿ, ನೆಳ್ಳಾಗಿರ್ತೀರಿ" ಅಂತ ಹೇಳುತ್ತಲೇ ಇದ್ದರು. ಅಪ್ಪನಿಗೆ ಆ ಮಾತು ಕೇಳಿದ ದಿನ ಊಟ ಸೇರುತ್ತಿರಲಿಲ್ಲ.

ಅಷ್ಟರಲ್ಲಿ ಹೊನ್ನಾಳಿಯಲ್ಲಿ ನಮ್ಮನ್ನು ನೋಡಿದ ಸಿನಿಮಾ ಡೈರೆಕ್ಟರೊಬ್ಬರು ನಾಲ್ಕೂ ಜನರನ್ನು ಒಂದು ಸೀನಿಗೆ ಕರೆದರು. ಅಪ್ಪ ಮಾವನ ಮುಂದೆ ನಿಂತು, "ಇದೊಂದು ನೋಡ್ತೀನಿ. ಥಿಯೇಟರಾಗೆ ಜನ ನಗಲಿಲ್ಲ ಅಂದ್ರೆ ಬಣ್ಣ ಒರೆಸಿ ನಿಮ್ಮಂಗಡೀಲಿ ಮೀಟರ್ ಕಡ್ಡಿ ಹಿಡೀತೀನಿ" ಅಂದ. ಅವ್ವ ಒಳಗೆ ಹೋಗಿ ದೇವರಿಗೆ ಹರಕೆ ಕಟ್ಟಿದಳು.

ಶೂಟಿಂಗ್ ಸೂಳೆಕೆರೆ ಏರಿ ಮೇಲೆ, ಹೆಣ್ಣು ಕೇಳೋಕೆ ಬರೋ ಸೀನು. ಅಪ್ಪ ಗಂಡಿನ ತಂದೆ, ಚಿಕ್ಕಪ್ಪ ಗಂಡು, ಅವ್ವ ಹೆಣ್ಣಿನ ತಾಯಿ. ಇಪ್ಪತ್ತು ದಾಟಿದ ನಾನು ಮತ್ತೆ ಮುದುಕಿ, ಈ ಸಲ ಅಪ್ಪನ ತಾಯಿ. ಅಪ್ಪ ಹೇಳಬೇಕಾದ್ದು ಎರಡು ಮಾತು. ಮೊದಲನೇದು: "ನಮ್ಮ ಹುಡುಗಂಗೆ ಒಂದೂ ಚಟ ಇಲ್ಲ ಕಣ್ರಿ, ದುಡಿಯೋ ಚಟಾನೂ ಇಲ್ಲ." ಅದಾದ ಕೂಡಲೇ ಎರಡನೇದು: "ಮದುವೆ ಚಟಾನೂ ಇರಲಿಲ್ಲ, ಅದನ್ನ ನಾವೇ ಹಚ್ಚಾಕೆ ಬಂದೀವಿ."

ಅಪ್ಪ ಮೊದಲನೇ ಮಾತು ಹೇಳಿ ನಿಂತುಬಿಟ್ಟ. ಸ್ಟೇಜ್ ಮೇಲೆ ಜನ ನಕ್ಕು ಮುಗಿಸೋವರೆಗೆ ಮುಂದಿನ ಮಾತು ಎತ್ತಬಾರದು ಅಂತ ನಮ್ಮ ಅಭ್ಯಾಸ. ಇಲ್ಲಿ "ಸೈಲೆನ್ಸ್" ಅಂದಮೇಲೆ ಯಾರು ನಗುತ್ತಾರೆ? ಅಪ್ಪ ನಗುವಿಗೆ ಕಾದ. ಅಪ್ಪ ಕಾಯುತ್ತಿದ್ದಾನೆ ಅಂತ ನಾವು ಮೂವರೂ ಕಾದೆವು. ಕ್ಯಾಮರಾ ಓಡುತ್ತಲೇ ಇತ್ತು.

"ಕಟ್" ಅಂದ ಡೈರೆಕ್ಟರು, "ಒಬ್ಬರು ಮಾತು ಮರೀತಾರೆ, ಸರಿ. ನಾಲ್ಕು ಜನ ಒಟ್ಟಿಗೆ ಹೆಂಗ್ರೀ ಮರೀತೀರಾ?" ಅಂತ ಕೇಳಿದರು.

"ಮರೆತಿಲ್ಲ ಸಾರ್, ಯಾರೂ ನಗಲಿಲ್ಲ" ಅಂದ ಅಪ್ಪ.

"ಥಿಯೇಟರ್‌ನಲ್ಲಿ ನಗ್ತಾರೆ. ನೀವು ನಿಲ್ಲಿಸದೆ ಹೇಳಿ."

"ನಿಲ್ಲಿಸಲಿಲ್ಲ ಅಂದ್ರೆ ಅವರು ನಗೋದ್ರಾಗೆ ಎರಡನೇ ಮಾತು ಹೋಗಿಬಿಡುತ್ತಲ್ಲ ಸಾರ್."

ಡೈರೆಕ್ಟರಿಗೆ ವಾದ ಮಾಡೋಕೆ ಪುರುಸೊತ್ತಿರಲಿಲ್ಲ. ಐದನೇ ಟೇಕಿಗೆ ಅಪ್ಪ ಮನಸ್ಸಿಲ್ಲದ ಮನಸ್ಸಿನಿಂದ ನಿಲ್ಲಿಸದೆ ಹೇಳಿದ. ಬಣ್ಣ ತೆಗೆಯುವಾಗ ನನ್ನ ಕಿವಿಯಲ್ಲಿ, "ಈ ಮನುಷ್ಯ ಎಂದೂ ಯಾರನ್ನೂ ನಗಿಸಿಲ್ಲ ಕಣೇ" ಅಂದ.

ಚನ್ನಗಿರಿಯ ಮ್ಯಾಟಿನಿ

ಸಿನಿಮಾ ಚನ್ನಗಿರಿಗೆ ಬಂದಾಗ ಮಾವ ಅಂಗಡಿಗೆ ಬೀಗ ಹಾಕಿ ನಮ್ಮನ್ನೆಲ್ಲ ಮ್ಯಾಟಿನಿಗೆ ಕರೆದುಕೊಂಡು ಹೋದರು. ಇಂಟರ್‌ವಲ್ ಆಯಿತು. ಅಪ್ಪ ಕೊಂಡ ಶೇಂಗಾ ಪೊಟ್ಟಣ ಬಿಚ್ಚಲೇ ಇಲ್ಲ, ಹಿಸುಕುತ್ತಾ ಕೂತ.

ಸೂಳೆಕೆರೆ ಏರಿ ಬಂತು. ತೆರೆ ಮೇಲಿನ ಅಪ್ಪ "ದುಡಿಯೋ ಚಟಾನೂ ಇಲ್ಲ" ಅಂದ. ಥಿಯೇಟರಿಗೆ ಥಿಯೇಟರೇ ಘೊಳ್ಳೆಂದಿತು. ಕುರ್ಚಿ ಬಡಿದರು, ಸಿಳ್ಳೆ ಹಾಕಿದರು. ಅವ್ವ ನನ್ನ ಕೈ ಹಿಡಿದು ಅತ್ತುಬಿಟ್ಟಳು. ಆ ಗದ್ದಲದಲ್ಲಿ ಎರಡನೇ ಮಾತು ಶುರುವಾಗಿದ್ದು ಅಪ್ಪನಿಗೆ ಮಾತ್ರ ಗೊತ್ತಾಯಿತು.

ಅಪ್ಪ ಎದ್ದು ನಿಂತ. ತೆರೆ ಮೇಲಿದ್ದ ತನಗೇ ಕೈ ಅಡ್ಡ ಮಾಡಿ, "ತಡಿಯೋ, ತಡಿಯೋ, ಜನ ನಗ್ತಾ ಅದಾರೆ" ಅಂತ ಕೂಗಿದ. ತೆರೆ ಮೇಲಿನವನು ಲಕ್ಷ್ಯ ಕೊಡದೆ ಮಾತು ಮುಗಿಸಿದ. ಯಾರಿಗೂ ಕೇಳಲಿಲ್ಲ. "ನಿಲ್ಲಲೇ ಇಲ್ಲ ನೋಡು, ಬಡ್ಡೀಮಗ" ಅಂತ ಅಪ್ಪ ತನ್ನನ್ನೇ ಬೈದುಕೊಂಡ. ಹಿಂದಿನವರು, "ಯಜಮಾನ್ರೆ, ಕುಂದ್ರಿ, ಕಾಣಾಕಿಲ್ಲ" ಅಂದರು. ಮಾವ ಅಂಗಿ ಹಿಡಿದು ಕೂರಿಸಿದರು.

ಇನ್ನೊಂದು ಸಿನಿಮಾಕ್ಕೆ ಕರೆ ಬಂದದ್ದು ಆಮೇಲಿನ ಮಾತು. ಅವತ್ತು ಆಟ ಬಿಟ್ಟು ಹೊರಗೆ ಬಂದಾಗ ಮಾವ ಅಪ್ಪನನ್ನು ಪಕ್ಕಕ್ಕೆ ಕರೆದು, "ಭಾವ, ನೀವು ಅಂಗಡೀಗೆ ಬರೋದು ಬ್ಯಾಡ" ಅಂದರು.

ಅಪ್ಪನ ಮುಖ ಅರಳಿತು. "ಜನ ನಕ್ಕಿದ್ದು ನೋಡಿದ್ರಲ್ಲ?"

"ಅದಕ್ಕಲ್ಲ" ಅಂದರು ಮಾವ. "ನಿಮ್ಮ ಮಾತನ್ನ ನೀವೇ ಕೇಳಲಿಲ್ಲ. ಇನ್ನು ನನ್ನ ಮಾತು ಎಲ್ಲಿ ಕೇಳ್ತೀರಿ?"