ಕಳ್ಳಂಬೆಳ್ಳದ ಕೆರೆ ಮತ್ತು ನನ್ನ ನಡುಕ

ನಾನು ಹುಲಿಗೆ ಹೆದರುವವನಲ್ಲ; ಹುಲಿ ನನಗೆ ಯಾವತ್ತೂ ಎದುರಾಗಿಲ್ಲ. ನನ್ನ ಹೆದರಿಕೆಗಳೆಲ್ಲ ದಿನಬಳಕೆಯವು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ, ಬೀಗ ಸರಿಯಾಗಿ ಬಿತ್ತೋ ಇಲ್ಲವೋ, ಬಸ್ಸಿನಲ್ಲಿ ಪಕ್ಕದವರು ಕೆಮ್ಮಿದ್ದು ಬರೀ ಕೆಮ್ಮೋ ಅಥವಾ ಬೇರೆ ಏನಾದರೂ ಇದೆಯೋ, ಇಂಥವು. ಹೀಗಿರುವ ಮನುಷ್ಯ ಯಾವ ಕೆಲಸಕ್ಕೆ ಸೇರಬಾರದೋ ನಾನು ಅದಕ್ಕೇ ಸೇರಿದ್ದೇನೆ. ಮಧುಗಿರಿ ಬೆಟ್ಟದ ಬುಡದಲ್ಲಿ ಒಂದು ಪುಟ್ಟ ವಸ್ತುಸಂಗ್ರಹಾಲಯವಿದೆ. ಅದರ ಕ್ಯುರೇಟರ್ ನಾನು. ಒಡೆಯುವ, ಹರಿಯುವ, ಮಾಸುವ, ಹುಳ ತಿನ್ನುವ ಸಾಮಾನುಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ, ಅವು ಒಡೆಯದಂತೆ, ಹರಿಯದಂತೆ ನೋಡಿಕೊಳ್ಳುವುದು ನನ್ನ ಉದ್ಯೋಗ. ಸಂಜೆ ಬಾಗಿಲು ಹಾಕಿ ಮನೆಗೆ ಹೋದರೂ ಅರ್ಧ ಜೀವ ಅಲ್ಲೇ ಇರುತ್ತದೆ. ಕಿಟಕಿಯಿಂದ ಕೋತಿ ನುಗ್ಗಿರಬಹುದೇ, ಹಲ್ಲಿ ಹಳೇ ಪಟದ ಮೇಲೆ ಏನಾದರೂ ಮಾಡಿರಬಹುದೇ ಎಂದು ಊಟದ ನಡುವೆ ಕೈ ನಿಂತುಬಿಡುತ್ತದೆ. "ಸಾರು ಸಪ್ಪೆಯಾಯ್ತಾ?" ಎಂದು ಹೆಂಡತಿ ಕೇಳುತ್ತಾಳೆ. ಹಲ್ಲಿ ಎನ್ನುತ್ತೇನೆ. ಅವಳು ಗಾಬರಿಯಿಂದ ಸಾರಿನ ಪಾತ್ರೆ ನೋಡುತ್ತಾಳೆ.

ಇಷ್ಟೆಲ್ಲ ಇದ್ದೂ ನಮ್ಮ ಸೀಮೆಯ ನೆಲದ ಚಿತ್ರಗಳದೊಂದು ಪ್ರದರ್ಶನ ಮಾಡಬೇಕೆಂಬ ಯೋಚನೆ ಬಂದದ್ದು ನನ್ನ ತಲೆಗೇ. ಮಧುಗಿರಿಯ ಬೆಟ್ಟ, ಕೊರಟಗೆರೆ ಕಡೆಯ ಗುಡ್ಡಸಾಲು, ಪಾವಗಡದ ಬಂಡೆಗಳು, ಶಿರಾದ ಬಯಲು, ಇವನ್ನೆಲ್ಲ ಇಲ್ಲಿನವರೇ ಬರೆದ ಚಿತ್ರಗಳು ಎಷ್ಟೋ ಮನೆಗಳ ಗೋಡೆಯ ಮೇಲೆ ಸುಮ್ಮನೆ ನೇತಾಡುತ್ತಿವೆ. ಎರವಲು ತಂದು ಒಟ್ಟಿಗೆ ತೂಗುಹಾಕಿದರೆ ಹೇಗೆ ಎಂದು ಸಭೆಯಲ್ಲಿ ಹೇಳಿಬಿಟ್ಟೆ. ಮೇಲಧಿಕಾರಿಗಳು ಬಹಳ ಚೆನ್ನಾಗಿದೆ, ನೀವೇ ಮಾಡಿ ಎಂದರು. ಸ್ವಂತ ಸಾಮಾನಿಗೇ ನಡುಗುವ ನಾನು, ಕಂಡವರ ಮನೆಯ ಸಾಮಾನಿಗೂ ನಡುಗುವ ವ್ಯವಸ್ಥೆ ಹೀಗೆ ನನ್ನ ಬಾಯಿಂದಲೇ ಆಯಿತು.

ಮಿಕ್ಕ ಚಿತ್ರಗಳ ಮಾತು ಬಿಡಿ. ನನ್ನನ್ನು ನಿಜವಾಗಿ ಅಲ್ಲಾಡಿಸಿದ್ದು ಶಿರಾದ ಖುರ್ಷಿದ್ ಬೇಗಂ ಅವರ ಮನೆಯಿಂದ ತಂದ ಕಳ್ಳಂಬೆಳ್ಳದ ಕೆರೆ. ಅವರು ಉರ್ದು ಶಾಲೆಯಲ್ಲಿ ಹೆಡ್‌ಮಿಸ್ ಆಗಿ ನಿವೃತ್ತರಾದವರು. ಅವರ ಯಜಮಾನರು ಅಂಗಡಿಗಳಿಗೆ, ಲಾರಿಗಳಿಗೆ ಬೋರ್ಡು ಬರೆಯುತ್ತಿದ್ದರು. ಬಿಡುವು ಸಿಕ್ಕಾಗ ಬಣ್ಣದ ಡಬ್ಬಿ ಹಿಡಿದು ಕೆರೆ, ಬಯಲು ಎಂದು ಹೊರಡುತ್ತಿದ್ದರಂತೆ. ತೀರಿಕೊಂಡು ಕೆಲವು ವರ್ಷಗಳಾಗಿವೆ. ಉಳಿದಿರುವುದು ಈ ಒಂದು ದೊಡ್ಡ ಚಿತ್ರ. ಸಂಜೆಯ ಬಿಸಿಲು, ಹಿಂದೆ ಸರಿದ ನೀರು, ಏರಿಯ ಮೇಲೆ ಸಾಲಾಗಿ ಹೋಗುವ ಎಮ್ಮೆಗಳು. ಆ ನೀರಿನ ಬಣ್ಣ ನೋಡಿದರೆ ಕಾಲು ಒದ್ದೆಯಾದಂತೆ ಅನಿಸುತ್ತಿತ್ತು. ಆದರೆ ಅಂಗೈ ಅಗಲದ ಮರದ ಚೌಕಟ್ಟನ್ನು ಗೆದ್ದಲು ಹಿಡಿದು, ಕೆಳಗಿನ ಸೋಫಾದ ಮೇಲೆ ಪುಡಿ ಉದುರುತ್ತಿತ್ತು.

"ಚೌಕಟ್ಟು ಬೇಕಾದ್ರೆ ಬದಲಾಯಿಸಪ್ಪಾ," ಎಂದರು ಬೇಗಂ. "ಚಿತ್ರಕ್ಕೆ ಮಾತ್ರ ಏನೂ ಆಗಬಾರದು. ಒಂದು ಗೀರು ಬಿದ್ರೂ ನಾನು ಸುಮ್ನಿರೋಳಲ್ಲ." ಅವರು ಗಟ್ಟಿಯಾಗಿ ಹೇಳಲಿಲ್ಲ. ಗಟ್ಟಿಯಾಗಿ ಹೇಳುವ ಅಗತ್ಯವೇ ಇಲ್ಲದ ಹೆಡ್‌ಮಿಸ್‌ಗಳ ಜಾತಿ ಅವರದು. ನಾನು ಐವತ್ತು ದಾಟಿದವನು, "ಆಗ್ಲಿ ಮಿಸ್" ಎಂದುಬಿಟ್ಟೆ.

ಶಿರಾದಿಂದ ಮಧುಗಿರಿಯವರೆಗೆ ವ್ಯಾನಿನ ಹಿಂದೆ ಆ ಚಿತ್ರವನ್ನು ಎದೆಗೆ ಒರಗಿಸಿಕೊಂಡು ಕೂತು ಬಂದೆ. ರಸ್ತೆಯ ಪ್ರತಿ ಹಂಪಿನಲ್ಲೂ ಡ್ರೈವರ್ "ಸಾರ್, ಒಳಗಡೆ ಪೇಷೆಂಟ್ ಇದ್ದಾರೇನೋ ಅನ್ನಂಗೆ ಕಿರುಚ್ಬೇಡಿ" ಎನ್ನುತ್ತಿದ್ದ. ಪೇಷೆಂಟೇ ಆಗಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಪೇಷೆಂಟಾದರೆ ಎಲ್ಲಿ ನೋಯುತ್ತದೆ ಎಂದು ತಾನೇ ಹೇಳುತ್ತಾನೆ.

ಮಾರನೆಯ ದಿನ ಮ್ಯೂಸಿಯಮ್ಮಿನ ಉದ್ದನೆಯ ಮೇಜಿನ ಮೇಲೆ ಚಿತ್ರವನ್ನು ಬೋರಲು ಮಲಗಿಸಿ, ಉಸಿರು ಬಿಗಿಹಿಡಿದು ಚೌಕಟ್ಟು ಕಳಚಿದೆವು. ಕಳಚಿದೆವು ಎಂದರೆ ಕಳಚಿದ್ದು ನಮ್ಮ ಅಟೆಂಡರ್ ನಾಗರತ್ನಮ್ಮ. ಆಕೆಗೆ ಜಗತ್ತಿನಲ್ಲಿ ಯಾವುದರ ಭಯವೂ ಇಲ್ಲ. ಕೋತಿಗಳೇ ಆಕೆಯನ್ನು ಕಂಡರೆ ದಾರಿ ಬದಲಿಸುತ್ತವೆ. ಚಿತ್ರವನ್ನು ಮೆಲ್ಲಗೆ ಮಗುಚಿದಾಗ ನಾಗರತ್ನಮ್ಮ ಕೆಳಗಿನ ಬಲಮೂಲೆಗೆ ಬೆರಳು ತೋರಿಸಿದರು.

"ಸಾ, ಇಲ್ಲೊಬ್ಳು ಎಂಗ್ಸು ಕುಂತವ್ಳೆ."

ನೋಡಿದೆ. ಅಷ್ಟು ವರ್ಷ ಅಗಲವಾದ ಚೌಕಟ್ಟಿನ ಅಡಿಯಲ್ಲಿ ಮುಚ್ಚಿಹೋಗಿದ್ದ ಜಾಗದಲ್ಲಿ ಒಬ್ಬ ಯುವತಿ ಕೂತಿದ್ದಳು. ಹಸಿರು ಸೀರೆ, ಉದ್ದನೆಯ ಜಡೆ, ಜಡೆ ತುಂಬ ಕನಕಾಂಬರ. ಮುಖ ಕಾಣುವುದಿಲ್ಲ, ನಮಗೆ ಬೆನ್ನು ಹಾಕಿದ್ದಾಳೆ. ಇಡೀ ಚಿತ್ರದಲ್ಲಿ ಅಷ್ಟು ಅಕ್ಕರೆಯಿಂದ ಬರೆದ ಜಾಗ ಇನ್ನೊಂದಿರಲಿಲ್ಲ. ಕನಕಾಂಬರದ ಒಂದೊಂದು ಎಸಳನ್ನೂ ಬಿಡಿಸಿದ್ದರು.

 ಇವಳು ಯಾರು? ಬಿಳಿ ಸೆರಗನ್ನು ತಲೆತುಂಬ ಹೊದ್ದು, ಕನ್ನಡಕದ ಮೇಲಿಂದ ನೋಡುವ ಖುರ್ಷಿದ್ ಬೇಗಂ ಅವರಿಗೂ ಈ ಕನಕಾಂಬರದ ಜಡೆಗೂ ಸಂಬಂಧ ಕಲ್ಪಿಸಲು ನನ್ನಿಂದ ಆಗಲಿಲ್ಲ. ತೀರಿಕೊಂಡ ಮನುಷ್ಯ ಬೇಕೆಂದೇ ಚೌಕಟ್ಟಿನಡಿ ಬಚ್ಚಿಟ್ಟು ಹೋದ ಯಾರನ್ನೋ ನಾನು ಹೊರಗೆಳೆದು ಕೂರಿಸಿದ್ದೇನೆ ಎಂದಾಯಿತು. ಗೀರು ಬಿದ್ದಿದ್ದರೆ ಕ್ಷಮೆ ಕೇಳಬಹುದಿತ್ತು. ಇದಕ್ಕೆ ಏನೆಂದು ಕೇಳುವುದು?

"ಅಗಲ್ದ ಕಟ್ಟೇ ಹಾಕಿ ಮುಚ್ಚಾಕ್ಬುಡಿ ಸಾ," ಎಂದರು ನಾಗರತ್ನಮ್ಮ. "ಆವಮ್ಮಂಗೆ ಈ ವಯಸ್ನಾಗೆ ಯಾಕೆ ಬೇಕು."

ಮುಚ್ಚಬಹುದಿತ್ತು. ನನ್ನ ಹೆದರಿಕೆಯೆಲ್ಲ ಒಕ್ಕೊರಲಿನಿಂದ ಮುಚ್ಚು ಎನ್ನುತ್ತಿತ್ತು. ಆದರೆ ಚಿತ್ರಗಾರ ಮನಸ್ಸಿಟ್ಟು ಬರೆದದ್ದನ್ನು ಚೌಕಟ್ಟಿನಡಿ ತಳ್ಳುವುದಕ್ಕೆ ಮ್ಯೂಸಿಯಂ ಯಾಕೆ ಬೇಕು ಎಂಬ ಇನ್ನೊಂದು ಹೆದರಿಕೆಯೂ ಇತ್ತು. ಅದು ಕೆಲಸ ಕಲಿಸಿದ ಹೆದರಿಕೆ. ಎರಡೂ ಗುದ್ದಾಡಿ ಕೊನೆಗೆ ಎರಡನೆಯದು ಗೆದ್ದಿತು. ತೆಳ್ಳನೆಯ ಚೌಕಟ್ಟು ಹಾಕಿಸಿದೆ. ಬೇಗಂ ಅವರಿಗೆ ಫೋನ್ ಮಾಡಿ ಮೊದಲೇ ಹೇಳಬೇಕೆಂದು ಅನೇಕ ಸಲ ನಂಬರ್ ಒತ್ತಿದೆ. ಅವರು "ಹಲೋ" ಎನ್ನುತ್ತಿದ್ದಂತೆ, ಪ್ರದರ್ಶನಕ್ಕೆ ಬರ್ತೀರಲ್ಲ ಮಿಸ್ ಎಂದು ಕೇಳಿ ಇಟ್ಟುಬಿಟ್ಟೆ. ಕೊನೆಗೆ ಹಾಗೆ ಕೇಳಿ ಕೇಳಿಯೇ, ಬರುವುದು ಅನುಮಾನ ಎಂದಿದ್ದವರು ಖಂಡಿತ ಬರುತ್ತೇನೆ ಎಂದರು. ಉದ್ಘಾಟನೆಯ ಬೆಳಗ್ಗೆ ಧೈರ್ಯ ಪೂರ್ತಿ ಬಸಿದುಹೋಗಿ, ವರಾಂಡದಲ್ಲಿದ್ದ ಕ್ರೋಟನ್ ಕುಂಡವನ್ನು ಎತ್ತಿ ತಂದು, ಒಂದು ಸ್ಟೂಲಿನ ಮೇಲಿಟ್ಟು, ಆ ಮೂಲೆಗೆ ಸರಿಯಾಗಿ ಎಲೆ ಅಡ್ಡ ಬರುವಂತೆ ನಿಲ್ಲಿಸಿದೆ.

ಜನ ಚೆನ್ನಾಗಿಯೇ ಬಂದರು. ಪಾವಗಡದ ಹಿರಿಯರೊಬ್ಬರು ಬಂಡೆಗಳ ಚಿತ್ರದ ಮುಂದೆ ನಿಂತು, "ಇದಿ ಮಾ ಊರಿ ಕೊಂಡ ಕಣಪ್ಪ, ನಮ್ಮೂರ ಬೆಟ್ಟ, ನಮ್ಮ ಕುರಿ ಮೇಯೋ ಜಾಗ ಇದು" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಬೇರೆ ದಿನವಾಗಿದ್ದರೆ ನಾನು ಹಿಗ್ಗಿ ಹೋಗುತ್ತಿದ್ದೆ. ಅವತ್ತು ನನ್ನ ಕಣ್ಣು ಬಾಗಿಲಲ್ಲೇ ನೆಟ್ಟಿತ್ತು. ಖುರ್ಷಿದ್ ಬೇಗಂ ತಂಗಿಯ ಕೈ ಹಿಡಿದುಕೊಂಡು ಬಂದರು, ನೇರ ಕೆರೆಯ ಮುಂದೆ ಹೋಗಿ ನಿಂತರು, ಬಹಳ ಹೊತ್ತು ನೋಡಿದರು.

"ಬೆಳಕು ಚೆನ್ನಾಗಿ ಹಾಕಿದ್ದೀಯ," ಎಂದರು. ನನಗೆ ಉಸಿರು ಬಂತು. "ಈ ಕುಂಡ ಯಾಕೆ ಇಲ್ಲಿಟ್ಟಿದ್ದೀಯ? ತೆಗಿ."

"ಅಲಂಕಾರಕ್ಕೆ ಮಿಸ್."

"ಕೆರೆಗೆ ಕುಂಡದ ಅಲಂಕಾರ ಬೇಕೇನಪ್ಪಾ? ತೆಗಿ."

ನನ್ನ ಕೈ ಎಷ್ಟು ನಡುಗುತ್ತಿತ್ತೆಂದರೆ ಕ್ರೋಟನ್ ಎಲೆಗಳು ಗಾಳಿಗೆ ಸಿಕ್ಕಂತೆ ಅಲ್ಲಾಡಿದವು. ಕುಂಡವನ್ನು ತಬ್ಬಿಕೊಂಡು ಪಕ್ಕಕ್ಕೆ ಸರಿದು, ಅದರ ಹಿಂದೆಯೇ ಅವಿತು ನಿಂತೆ. ಬೇಗಂ ಬಗ್ಗಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ನಾನು ಬಾಗಿಲಿಗೂ ನನಗೂ ನಡುವೆ ಎಷ್ಟು ಜನ ಇದ್ದಾರೆ ಎಂದು ನೋಡಿಕೊಂಡೆ.

"ಸುಳ್ಳ," ಎಂದರು ಅವರು.

ನನಗೇ ಎಂದುಕೊಂಡು "ಮಿಸ್, ನಾನು ಹೇಳೋಣ ಅಂತಲೇ..." ಎಂದು ಶುರುಮಾಡಿದೆ.

"ನಿನಗಲ್ಲಪ್ಪಾ. ನಮ್ಮನೆಯೋರಿಗೆ." ಅವರ ದನಿ ಸಣ್ಣಗಾಗಿತ್ತು. "ಮದುವೆಯಾದ ಹೊಸದು. ಕೆರೆ ತೋರಿಸ್ತೀನಿ ಅಂತ ಕರ್ಕೊಂಡ್ ಹೋದ್ರು. ಹೂವನ್ನೂ ಅವರೇ ತಂದಿದ್ರು. ಅಲ್ಲಿ ಹೋದ್ಮೇಲೆ ನೀರು ಬಿಟ್ಟು ಬೇರೆ ಏನೂ ಕಣ್ಣಿಗೆ ಬೀಳ್ಲಿಲ್ಲ ಅವರಿಗೆ. ಕಟ್ಕೊಂಡ್ ಹೋಗಿದ್ದ ಊಟ ಆರಿಹೋಯ್ತು, ಒಂದು ಮಾತಿಲ್ಲ. ನಂಗೂ ಸಿಟ್ಟು ಬಂದು ಬೆನ್ನು ತಿರುಗಿಸಿ ಕೂತ್ಬಿಟ್ಟೆ. ಮನೆಗೆ ಬಂದು ನೋಡ್ತೀನಿ, ಆ ಬೆನ್ನನ್ನೇ ಬರೆದಿದ್ದಾರೆ. ನೋಡಿದೋರು ಏನಂತಾರೆ, ಅಳಿಸಿ ಅಂದೆ. ಆಯ್ತು, ಅಳಿಸ್ದೆ ಅಂದ್ರು. ಕಟ್ಟು ಹಾಕಿಸ್ಕೊಂಡ್ ಬಂದು ಗೋಡೆಗೆ ಹೊಡೆದ್ರು. ನಾನು ಅಳಿಸಿದ್ದಾರೆ ಅಂತಲೇ ಇದ್ದೆ."

ತಂಗಿ ಏನೋ ಉರ್ದುವಿನಲ್ಲಿ ಕೇಳಿದರು. ಬೇಗಂ ತಲೆಯಾಡಿಸಿದರು, ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ನಾಗರತ್ನಮ್ಮ ಅವರ ಪಕ್ಕಕ್ಕೆ ಬಂದು, ಚಿತ್ರವನ್ನೂ ಅವರನ್ನೂ ಒಮ್ಮೆ ನೋಡಿ, "ಜಡೆ ಇಂಗೇ ಇತ್ತೇನಮ್ಮ?" ಎಂದು ಕೇಳಿದರು. "ಇದಕ್ಕಿಂತ ಉದ್ದ ಇತ್ತು ಕಣಮ್ಮ," ಎಂದರು ಬೇಗಂ. "ಕಮ್ಮಿ ಬರೆದಿದ್ದಾರೆ."

ಅವತ್ತು ಅವರು ಹೊರಡುವವರೆಗೂ ಅಲ್ಲೇ ಒಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪ್ರದರ್ಶನ ಮುಗಿದ ಮೇಲೆ, ಚಿತ್ರವನ್ನು ವಾಪಸ್ಸು ತಲುಪಿಸಿ ಜೀವಮಾನದ ನೆಮ್ಮದಿಯನ್ನು ಒಂದೇ ಸಲ ಅನುಭವಿಸೋಣವೆಂದು ವ್ಯಾನು ಗೊತ್ತು ಮಾಡಿ ಅವರಿಗೆ ಫೋನ್ ಮಾಡಿದೆ. ಅವರು, "ಬೇಡ, ಅಲ್ಲೇ ಇರ್ಲಿ" ಎಂದರು. ಮನೆಯಲ್ಲಿ ಮತ್ತೆ ಗೆದ್ದಲು ಬರುತ್ತದೆ, ಇಲ್ಲಾದರೆ ನಾಲ್ಕು ಜನ ನೋಡುತ್ತಾರೆ, ಮ್ಯೂಸಿಯಮ್ಮಿಗೇ ಕೊಟ್ಟುಬಿಡುತ್ತೇನೆ ಎಂದರು. ನಾನು ತೊದಲುತ್ತಾ, ದೊಡ್ಡ ಊರಿನ ದೊಡ್ಡ ಮ್ಯೂಸಿಯಮ್ಮುಗಳಿವೆ ಮಿಸ್, ಅಲ್ಲಿ ಬೇಕಾದಷ್ಟು ಜನ ನೋಡಿಕೊಳ್ಳುವವರಿದ್ದಾರೆ ಎಂದು ಹೇಳಿ ನೋಡಿದೆ.

"ಅವರು ಯಾರೂ ಹೆದರೋದಿಲ್ಲಪ್ಪಾ," ಎಂದರು ಅವರು. "ಅವತ್ತು ಕುಂಡ ಹಿಡ್ಕೊಂಡು ನಡುಗ್ತಾ ನಿಂತಿದ್ದೆಯಲ್ಲ, ಆವಾಗಲೇ ತೀರ್ಮಾನ ಮಾಡಿದೆ. ಇಷ್ಟು ಹೆದರೋ ಮನುಷ್ಯನ ಹತ್ರ ಇದ್ರೆ ನನ್ನ ಚಿತ್ರ ಭದ್ರವಾಗಿರುತ್ತೆ."

ನನ್ನ ಸರ್ವಿಸಿನಲ್ಲಿ ಹೆದರಿಕೆಗೆ ಸಿಕ್ಕ ಮೊದಲ ಪ್ರಶಸ್ತಿ ಇದು. ಅಂದಿನಿಂದ ಮೋಡ ಕಟ್ಟಿದರೆ ಸಾಕು, ಕೆರೆಯ ಹಿಂದಿನ ಗೋಡೆ ತೇವವಾಯಿತೇ ಎಂದು ಅಂಗೈ ಇಟ್ಟು ನೋಡುತ್ತೇನೆ. ರಜೆಯ ದಿನವೂ ತಿಂಡಿ ಮುಗಿಸಿ ಚಪ್ಪಲಿ ಮೆಟ್ಟುತ್ತೇನೆ. ಮೊನ್ನೆ ಹೆಂಡತಿ ಬಾಗಿಲಲ್ಲಿ ಅಡ್ಡ ನಿಂತು, "ಇವತ್ತು ಮ್ಯೂಸಿಯಂ ಮುಚ್ಚಿರುತ್ತಲ್ಲ, ಅಲ್ಲಿ ಹೋಗಿ ಏನ್ ಮಾಡ್ತೀರ?" ಎಂದಳು.

"ಚಿತ್ರಕ್ಕೆ ಏನಾದ್ರೂ ಆಗಿದ್ಯಾ ಅಂತ ಭಯ," ಎಂದೆ.

"ಆ ಭಯಾನ ಮನೇಲೇ ಕೂತು ಪಡಬಹುದಲ್ಲ?"

ಅವಳ ಮಾತು ನ್ಯಾಯವಾದದ್ದೇ. ಒಂದೆರಡು ಸಲ ಮನೆಯಲ್ಲೇ ಕೂತು ಪ್ರಯತ್ನಿಸಿಯೂ ನೋಡಿದೆ. ಯಾಕೋ ತೃಪ್ತಿಯಾಗುವುದಿಲ್ಲ.