ಡೀಜೆ ಶಂಭುವಿನ ಆಲ್ಬಮ್

ಬೆಳಗಿನ ಚಹಾ ಕುಡಿಯುತ್ತ ಶಂಭುಲಿಂಗ ಹೆಂಡತಿಗೆ ಹೇಳಿದ್ದು ಇಷ್ಟೇ: "ಸೌಮ್ಯಾ, ಇವತ್ತ ಸಂಜೀಕ ನಿನಗೊಂದು ಆಲ್ಬಮ್ ಕೊಡ್ತೇನಿ." ಆ ಮಾತಿನಲ್ಲಿ ಎಡವಟ್ಟಿನ ಶಬ್ದ ಒಂದೇ ಒಂದಿತ್ತು.

ಬೆಂಗೇರಿಯಲ್ಲಿ ಶಂಭುಲಿಂಗ ಎಂದರೆ ಯಾರಿಗೂ ತಿಳಿಯದು, ಡೀಜೆ ಶಂಭು ಎನ್ನಬೇಕು. ಮೆರವಣಿಗೆಗಳಿಗೆ ಕಂಪ್ಯೂಟರಿನಲ್ಲಿ ಧಡಧಡ ಸಂಗೀತ ಕೂಡಿಸಿಕೊಡುವುದು ಅವನ ಕಸುಬು. ಅವನ ಸ್ಪೀಕರು ಒಮ್ಮೆ ಗಂಟಲು ಸರಿಮಾಡಿಕೊಂಡರೆ ಓಣಿಯ ಪಾತ್ರೆಗಳೆಲ್ಲ ಹೌದೌದು ಎನ್ನುತ್ತಿದ್ದವು. ಅಂಥವನು ಎಂಟು ತಿಂಗಳಿಂದ, ಸೌಮ್ಯಾ ಶಾಲೆಗೆ ಪಾಠ ಹೇಳಲು ಹೋದಾಗ, ಹಿಂದಿನ ಕೋಣೆಯ ಕಿಟಕಿಗೆ ಕೌದಿ ಕಟ್ಟಿ ಗಿಟಾರ್ ಹಿಡಿದು ಕೂರುತ್ತಿದ್ದ. ತಾಳವಿಲ್ಲ, ಮಾತಿಲ್ಲ. ಒಂದು ತಂತಿ ಮೀಟುವುದು, ಅದರ ದನಿ ಕಂಪ್ಯೂಟರಿನಲ್ಲಿ ಹಿಗ್ಗಿ ಹನ್ನೊಂದು ಸೆಕೆಂಡಿನಲ್ಲಿ ಕರಗುವವರೆಗೆ ಕಾಯುವುದು, ಮತ್ತೊಂದು ಮೀಟುವುದು. ಬಾಯಿಬಿಟ್ಟು ಹೆಂಡತಿಗೆ ಹೇಳಲಾಗದ್ದನ್ನೆಲ್ಲ ಒಂಬತ್ತು ತುಣುಕುಗಳಲ್ಲಿ, ನಲವತ್ತೊಂದು ನಿಮಿಷಗಳಲ್ಲಿ ಇಟ್ಟಿದ್ದ. ಲಗ್ನವಾಗಿ ಐದು ವರ್ಷ ತುಂಬುವ ಈ ದಿನ ಅವಳೊಬ್ಬಳು ಅದನ್ನು ಕೇಳಿದರೆ ಸಾಕಿತ್ತು.

ಆದರೆ ಸೌಮ್ಯಾಳ ಪಾಲಿಗೆ ಆಲ್ಬಮ್ ಎಂದರೆ ಜಗತ್ತಿನಲ್ಲಿ ಒಂದೇ: ದಪ್ಪ ರಟ್ಟಿನದು, ಒಳಗೆಲ್ಲ ಲಗ್ನದ ಫೋಟೋ ಇರುವಂಥದ್ದು. ಅವರ ಲಗ್ನ ಲಾಕ್‌ಡೌನಿನಲ್ಲಿ, ಮನೆಯಂಗಳದಲ್ಲಿ, ಹನ್ನೊಂದು ಜನರ ಮುಂದೆ ಆಗಿತ್ತು. ಫೋಟೋದವನನ್ನು ಪೊಲೀಸರು ಅರ್ಧ ದಾರಿಯಿಂದಲೇ ತಿರುಗಿಸಿ ಕಳಿಸಿದ್ದರು.

"ಖರೇನಾ ರೀ?" ಅವಳ ಕಣ್ಣುಗಳು ಅಗಲವಾದವು.

"ಖರೇನ. ಎಂಟು ತಿಂಗಳಿಂದ ಕೂಡಸಾಕತ್ತೇನಿ."

"ಯಾರ್ಯಾರು ಅದಾರ ಅದರಾಗ?"

"ನೀನ ಅದಿ. ಎಲ್ಲಾದರಾಗೂ ನೀನ."

ಸೌಮ್ಯಾ ಸೆರಗಿನಿಂದ ಕಣ್ಣೊರೆಸಿಕೊಂಡು ಶಾಲೆಗೆ ಹೋದಳು. ಹೋಗುವಾಗ ಗೋಡೆಯ ಆಚೆಗಿನ ಈರವ್ವನಿಗೆ ಸುದ್ದಿ ಮುಟ್ಟಿಸಿಯೇ ಹೋದಳು.

ಹತ್ತು ಗಂಟೆಗೆ ಈರವ್ವ, ಹಿಂದೆ ಗಂಡ ನೀಲಕಂಠಪ್ಪ, ಬಾಗಿಲಲ್ಲಿ ಹಾಜರು. ಲಗ್ನಕ್ಕಿದ್ದ ಹನ್ನೊಂದು ಜನರಲ್ಲಿ ಅವರೂ ಇಬ್ಬರು.

"ಶಂಭೂ, ನಾ ಅಕ್ಕಿಕಾಳು ಹಾಕಿದ್ದು ಫೋಟೋದಾಗ ಬಂದೈತೇನೋ? ಕಣ್ಣ ಮುಚ್ಚಿಲ್ಲ ಹೌದಿಲ್ಲೋ?"

ಎಡವಟ್ಟು ಈಗ ಶಂಭುವಿಗೆ ತಿಳಿಯಿತು. "ದೊಡ್ಡವ್ವಾ, ಅದು ನೋಡೂ ಆಲ್ಬಮ್ ಅಲ್ಲಬೇ, ಕೇಳೂದು."

"ಕೇಳೂ ಫೋಟೋ!" ನೀಲಕಂಠಪ್ಪ ಬೆರಗಾದರು. "ಕಂಪ್ಯೂಟರದಾಗ ಏನೇನು ಬಂದಾವಪಾ! ಆತು, ಸಂಜೀಕ ಐದಕ್ಕ ಕೇಳಾಕ ಬರ್ತೇವಿ. ಮಿರ್ಚಿ ನಾ ತರ್ತೇನಿ. ಸೌಮ್ಯಾ ಲಗ್ನದ ಸೀರಿ ಉಡ್ತಾಳಂತ."

ಲಗ್ನದ ಸೀರೆ ಎಂದದ್ದೇ ಶಂಭು ಭಾವಮೈದುನನಿಗೆ ಫೋನ್ ಹಚ್ಚಿದ. ಅವನ ಹಳೆಯ ಮೊಬೈಲಿನಲ್ಲಿ ಲಗ್ನದ್ದು ಎಂದು ಇದ್ದದ್ದು ಒಂದೇ ಫೋಟೋ. ಅದನ್ನೇ ತರಿಸಿಕೊಂಡು ದುರ್ಗದಬೈಲಿನ ಇಕ್ಬಾಲನ ಫೋಟೋ ಸ್ಟುಡಿಯೋಗೆ ಓಡಿದ.

ಇಕ್ಬಾಲ ಅದನ್ನು ದೊಡ್ಡದು ಮಾಡಿ ನೋಡಿದ. ಎಲ್ಲರ ಮುಖಕ್ಕೂ ಮಾಸ್ಕು. ನಡುವೆ ಲಗ್ನ ಮಾಡಿಸುವ ಅಯ್ಯನವರು ಸ್ಯಾನಿಟೈಸರ್ ಬಾಟಲಿ ಎತ್ತಿ ನಿಂತಿದ್ದರು. ಮದುಮಕ್ಕಳು ಅವರ ಬೆನ್ನ ಹಿಂದೆ ಮುಚ್ಚಿಹೋಗಿದ್ದರು.

"ಶಂಭು ಭಾಯ್, ಇದು ಲಗ್ನನೋ ಆಪರೇಶನ್ನೋ?"

"ನಗಬ್ಯಾಡೋ ಮಾರಾಯಾ. ಇದನ್ನ ಪ್ರಿಂಟ್ ಹೊಡದು ಒಂದು ದೊಡ್ಡ ಆಲ್ಬಮಿಗೆ ಹಚ್ಚಿ ಕೊಡು."

"ಉಳಿದ ಹಾಳಿಗೆ?"

ಶಂಭು ರೊಕ್ಕ ಎಣಿಸಿ ಟೇಬಲ್ಲಿನ ಮೇಲಿಟ್ಟ.

ಸಂಜೆ ಐದಕ್ಕೆ ಪಡಸಾಲೆ ತುಂಬಿತ್ತು. ಸೌಮ್ಯಾ ಇಳಕಲ್ ಸೀರೆ ಉಟ್ಟು ಜಮಖಾನೆಯ ನಡುವೆ ಕೂತಿದ್ದಳು. ತಾನು ಬೈಸಿಕೊಳ್ಳುವಾಗಲಾದರೂ ತನ್ನ ಗಿಟಾರು ಅವಳ ಕಿವಿಗೆ ಬೀಳಲಿ ಎಂದು ಶಂಭು ಮೂಲೆಯಲ್ಲಿ ಸಣ್ಣ ಸ್ಪೀಕರಿಟ್ಟು ಮೆಲ್ಲಗೆ ಹಚ್ಚಿದ. ಮೊದಲ ತಂತಿ ಮಿಡಿಯಿತು. ಆಲ್ಬಮನ್ನು ಅವಳ ಕೈಗಿಟ್ಟು, ಓಡಿಹೋಗಲು ಅನುಕೂಲವಾಗಲೆಂದು ಬಾಗಿಲ ಬಳಿ ನಿಂತ.

ಮೊದಲ ಪುಟಕ್ಕೆ ಎಲ್ಲರೂ ಹೋ ಎಂದು ನಕ್ಕರು. ಎರಡನೆಯದು ಖಾಲಿ. ಮೂರನೆಯದೂ ಖಾಲಿ. ನಗು ನಿಂತಿತು.

"ಶಂಭೂ, ನನ್ನ ಅಕ್ಕಿಕಾಳು ಎಲ್ಲೋ?" ಈರವ್ವನ ದನಿ ಏರಿತು.

ಸೌಮ್ಯಾ ಬಾಗಿಲ ಕಡೆ ನೋಡಿದಳು. ಬಸ್ಸು ತಪ್ಪಿಸಿಕೊಂಡವನ ಹಾಗೆ ನಿಂತಿದ್ದ ಗಂಡನ ಮುಖವನ್ನು ತುಸು ಹೊತ್ತು ನೋಡಿ, ಖಾಲಿ ಹಾಳೆಯ ಮೇಲೆ ಅಂಗೈ ಆಡಿಸಿದಳು.

"ಇಲ್ಲೇ ಅದಾವಲ್ರಿ ದೊಡ್ಡವ್ವಾ! ಮೂರು ಮಾರು ದೂರ ನಿಂತು ಒಗದ್ರಿ, ಎಲ್ಲಾ ದೊಡ್ಡಪ್ಪಾರ ತಲೀ ಮ್ಯಾಲ ಬಿದ್ದು ಕೂದಲದಾಗ ಸಿಕ್ಕೊಂಡಾವ ನೋಡ್ರಿ."

ನೀಲಕಂಠಪ್ಪ ಬೋಳುತಲೆ ಮುಟ್ಟಿಕೊಂಡರು. "ಹೌದವಾ, ಆವಾಗ ಕೂದಲಾ ಇದ್ದೂ! ಇನ್ನಷ್ಟು ತೋರಸು!"

ಪುಟಗಳು ತಿರುಗಿದವು. ಒಂದರಲ್ಲಿ ಹೋಳಿಗೆ ಹೊತ್ತಿತು, ಇನ್ನೊಂದರಲ್ಲಿ ಸೀನಿದವರನ್ನು ಅಂಗಳದಿಂದ ಹೊರಗೆ ಹಾಕಲಾಯಿತು. ಎಲ್ಲರೂ ಬಗ್ಗಿ ಬಗ್ಗಿ ಖಾಲಿ ಹಾಳೆ ನೋಡಿದರು. ನಡುನಡುವೆ ನೀಲಕಂಠಪ್ಪ ಎರಡು ಸಲ ಎದ್ದು ಬಚ್ಚಲಿಗೆ ಹೋಗಿ ಬಂದರು. ಗಿಟಾರು ತನ್ನ ಪಾಡಿಗೆ ಮಿಡಿಯುತ್ತಿತ್ತು.

ಕೊನೆಯ ಪುಟಕ್ಕೆ ಬಂದಾಗ ಸೌಮ್ಯಾ ದನಿ ತಗ್ಗಿಸಿದಳು. "ಇದರಾಗ ಇವರು ಮಾಸ್ಕ್ ತಗದಾರ. ನಾ ಹತ್ತರದಿಂದ ಪೂರ್ತಿ ಮುಖಾ ನೋಡಿದ್ದು ಆವಾಗ. ಹೆದರಿಕೋತ ನಕ್ಕಾರ, ಈಗ ಬಾಗಲದಾಗ ನಿಂತು ನಗಾಕತ್ತಾರಲ್ಲ, ಹಂಗ."

ಒಂಬತ್ತನೆಯ ತುಣುಕಿನ ಕೊನೆಯ ತಂತಿ ಹನ್ನೊಂದು ಸೆಕೆಂಡು ಕರಗಿ ಇಲ್ಲವಾಯಿತು. ಶಂಭು ಗಡಿಯಾರ ನೋಡಿದ. ನಲವತ್ತೊಂದು ನಿಮಿಷ! ಪೂರ್ತಿ ಕೇಳಿದಳು!

ಜನರೆಲ್ಲ ಹೋದ ಮೇಲೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ, "ಹೆಂಗಿತ್ತು?"

"ಭಾಳ ಛಲೋ ಆತ್ರಿ. ಫೋಟೋ ಇದ್ದಿದ್ರ ಇಷ್ಟೆಲ್ಲಾ ನೆನಪ ಆಗ್ತಿದ್ದಿಲ್ಲ."

"ಅಲ್ಲ, ಹಿಂದ ಹಚ್ಚಿದ್ನಲ್ಲಾ, ಅದು?"

"ಯಾವದ್ರಿ?" ಅವಳು ಲಟ್ಟಣಿಗೆ ನಿಲ್ಲಿಸಿ ಯೋಚಿಸಿದಳು. "ಓ, ಆ ಟಣ್... ಟಣ್... ಅನ್ನಾಕತ್ತಿದ್ದಾ? ಬಚ್ಚಲದ ನಳಾ ಸೋರಾಕತ್ತೈತಿ ಅಂತ ಮಾಡಿದ್ವಿ. ದೊಡ್ಡಪ್ಪ ಎರಡು ಸಲ ಹೋಗಿ ಬಿಗಿ ಮಾಡಿ ಬಂದ್ರು. ನಿಲ್ಲಲೇ ಇಲ್ಲ. ನಾಳಿಗೆ ಪ್ಲಂಬರನ್ನ ಕರೀರಿ."

ಶಂಭು ಗೋಡೆಗೆ ಆನಿಕೊಂಡ. ಸೌಮ್ಯಾ ಚಪಾತಿ ಲಟ್ಟಿಸುತ್ತ ಗುನುಗತೊಡಗಿದಳು. ಅವನು ತಟ್ಟನೆ ತಲೆಯೆತ್ತಿದ. ಒಂಬತ್ತನೆಯ ತುಣುಕು! ಸ್ವರ ತಪ್ಪಿಲ್ಲ. ನಡುವಿನ ಮೌನವನ್ನೂ ಅಷ್ಟೇ ಹೊತ್ತು ಕಾದು ಮುಂದೆ ಹೋಗುತ್ತಿದ್ದಳು.

"ಅದು... ಅದ್ಯಾವ ಹಾಡು?"

"ಯಾರಿಗ್ಗೊತ್ತು, ಬಾಯಾಗ ಬರಾಕತ್ತೈತಿ. ಮನಸ್ಸಿಗೆ ಹಿತಾ ಅನಸ್ತೈತಿ ನೋಡ್ರಿ." ಅವಳು ಚಪಾತಿಯನ್ನು ಹಂಚಿಗೆ ಹಾಕಿದಳು. "ಕಸದ ಗಾಡ್ಯಾಗಿನ ಹಾಡು ಇರಬೇಕು."

"ಇರಬೇಕು," ಎಂದ ಶಂಭುಲಿಂಗ ಮೆಲ್ಲಗೆ. ಹೆಚ್ಚು ಮಾತಾಡಿದರೆ ಅವಳು ನಿಲ್ಲಿಸಿಬಿಟ್ಟಾಳು ಎಂದು ಅವನಿಗೆ ಹೆದರಿಕೆ.