ಮೂರು ಅಂಗಡಿ, ಒಂದೇ ದೀಪ

ಆದೋನಿಯಲ್ಲಿ ಮನೆ, ಸೈಟು ಕೊಡಿಸುವ ದಲ್ಲಾಳಿಗೆ ದೆವ್ವದ ಕಾಟ ತಪ್ಪಿದ್ದಲ್ಲ. ಕಂಪ್ಯೂಟರ್ ಬಂದ ಮೇಲೆ ತಪ್ಪೀತು ಅಂದುಕೊಂಡಿದ್ದೆ; ಹೆಚ್ಚಾಯಿತು. ನಾವು ಮೂರು ಅಂಗಡಿಯವರು ಸೇರಿ ಒಂದು ಓಪನ್ ಸೋರ್ಸ್ ತಂತ್ರಾಂಶ ಹಾಕಿಕೊಂಡೆವು. ಯಾರೋ ಪುಣ್ಯಾತ್ಮರು ಬರೆದು ಲೋಕಕ್ಕೆ ಪುಕ್ಕಟೆ ಬಿಟ್ಟದ್ದು. ಒಬ್ಬ ತನ್ನ ಅಂಗಡಿಯಲ್ಲಿ ಮನೆಯ ವಿವರ ಟೈಪ್ ಮಾಡಿದರೆ ಮೂರೂ ಕಡೆ ಕಾಣುತ್ತದೆ. ಒಬ್ಬರ ಮುಖ ಒಬ್ಬರಿಗಾಗದ ನಮಗೆ ಮಾತಿಲ್ಲದ ಈ ವ್ಯವಹಾರವೇ ಸರಿಹೋಯಿತು.

ಎದ್ದು ಬಂದ ಮನೆ

ಹಳೇ ಮನೆಯೊಂದು ಮಾರಾಟವಾಯಿತು. ಕೊಂಡವರು ಕೆಡವಿಯೂ ಬಿಟ್ಟರು. ನಾನು ಪಟ್ಟಿಯಿಂದ ಅಳಿಸಿದೆ. ಬೆಳಿಗ್ಗೆ ನೋಡಿದರೆ ಮತ್ತೆ ಬಂದು ಕೂತಿದೆ. ಮತ್ತೆ ಅಳಿಸಿದೆ, ಮಾರನೆಯ ದಿನ ಮತ್ತೆ ಹಾಜರ್. ಮೈ ಜುಮ್ಮೆಂದಿತು. ಮೂರನೆಯ ಅಂಗಡಿಯವನ ಕಂಪ್ಯೂಟರಿನಲ್ಲಿ ಆ ಮನೆ ಇನ್ನೂ ಉಳಿದಿತ್ತು, ಅವನು ಚಾಲೂ ಮಾಡಿದಾಗಲೆಲ್ಲ ಅದು ನಮಗೂ ಬರುತ್ತಿತ್ತು ಅಂತ ತಿಳಿಯಲು ಬಹಳ ಕಾಲ ಹಿಡಿಯಿತು.

ಅಷ್ಟರಲ್ಲಿ ಕೋಸಗಿಯ ಗಿರಾಕಿಯೊಬ್ಬರು ಆ ಜಾಗಕ್ಕೇ ಹೋಗಿ ಫೋನ್ ಮಾಡಿದರು. "ಫೋಟೊದಾಗ ಮನಿ ಐತಿ, ಇಲ್ಲಿ ಬರೇ ಬಯಲೈತಲ್ರಿ."

"ಅದು ಹೋದ ಮನಿ ರೀ" ಅಂದೆ.

ಅವರು "ಹಂಗಾರ ರೇಟು ಕಮ್ಮಿ ಮಾಡ್ರಿ" ಅಂದರು.

ಎಲ್ಲಾ ಒಂದೇ ಕಡೆ

ಇಂಥ ತಂತ್ರಾಂಶವನ್ನು ಯಾರು ಬೇಕಾದರೂ ತಿದ್ದಬಹುದು. ಎರಡನೆಯ ಅಂಗಡಿಯವನು ತಿದ್ದಿಯೇ ಬಿಟ್ಟ. ನಕ್ಷೆಯಲ್ಲಿ ಜಾಗ ಗುರುತಿಸದ ಮನೆಗಳು ಊರ ನಡುವೆ ಕಾಣಲಿ ಅಂತ ಅವನ ಆಸೆ. ಆದರೆ ಅವತ್ತು ಅವನು ಯಾರದೋ ಮಣ್ಣಿಗೆ ಹೋಗಿ ಅಲ್ಲಿಂದಲೇ ಫೋನಿನಲ್ಲಿ ಈ ಕೆಲಸ ಮಾಡಿದ್ದ. ಫೋನು ಅವನು ನಿಂತ ಜಾಗವನ್ನೇ ಹಿಡಿಯಿತು. ಮರುದಿನ ನಮ್ಮ ಅರ್ಧ ಮನೆಗಳು ಸ್ಮಶಾನದಲ್ಲಿದ್ದವು.

ಒಬ್ಬ ಹೆಣ್ಣುಮಗಳು ಫೋನ್ ಮಾಡಿದರು. "ಅಣ್ಣಾ, ಈ ಡಬಲ್ ಬೆಡ್‌ರೂಮ್ ಸ್ಮಶಾನದಾಗ ತೋರಿಸಾಕತ್ತೈತಲ್ಲ?"

ನಾನು ಸಮಜಾಯಿಷಿ ಹೇಳುವಷ್ಟರಲ್ಲಿ ಆಕೆಯೇ ಕೇಳಿದರು: "ಅದಿರಲಿ, ನಳ ದಿನಾ ಬರ್ತಾವೇನು?"

ದೀಪ

ಇದನ್ನು ಹೇಳುವಾಗ ಮಾತ್ರ ನನಗೆ ಈಗಲೂ ಹೆದರಿಕೆ.

ನಿವೃತ್ತ ನರ್ಸಮ್ಮ ಒಬ್ಬರು ಬಾಡಿಗೆ ಕೋಣೆಗೆ ಹೋಗಿ, ತಮ್ಮ ಖಾಲಿ ಮನೆ ಮಾರಲು ನನಗೆ ಕೊಟ್ಟರು. ಹೊಳಗುಂದದಲ್ಲಿ ಅವರ ಅಕ್ಕನ ಮನೆಯ ಮಗ್ಗುಲಲ್ಲೇ ಒಂದು ಮನೆ ಮಾರಾಟಕ್ಕಿತ್ತು. ಇದು ಹೋದರೆ ಅದನ್ನು ಕೊಂಡು ಅಕ್ಕನ ಹತ್ತಿರ ಇರುವ ಆಸೆ. "ಮಾರೋತನಕ ಸಂಜಿ ದೀಪ ತಪ್ಪಿಸಬ್ಯಾಡ್ರಿ, ಖಾಲಿ ಮನಿ ಕತ್ತಲಾಗಿರಬಾರದು" ಅಂದರು. ನಾನು ಅದನ್ನೂ, ಕೀಲಿ ಬಾಗಿಲ ಗೂಡಿನಲ್ಲಿರುವುದನ್ನೂ ವಿವರದಲ್ಲಿ ಟೈಪ್ ಮಾಡಿದೆ.

ಮೊದಲ ಸಂಜೆ ಎಣ್ಣೆ ದೀಪ ಹಚ್ಚಿ ಬಂದೆ. ಮರುಸಂಜೆ ಹೋದರೆ ಬೀಗ ಹಾಕಿದಂತೆಯೇ ಇದೆ, ಕಿಟಕಿಯೊಳಗೆ ದೀಪ ಉರಿಯುತ್ತಿದೆ. ಒಳಗೆ ಯಾರ ಸುಳಿವೂ ಇಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ. ಕೆಲವೇ ದಿನಗಳಲ್ಲಿ ಪೇಟೆಯಲ್ಲೆಲ್ಲ ಗುಲ್ಲು: ಆ ಮನೆಯ ದೀಪ ತಾನಾಗಿ ಹತ್ತುತ್ತದೆ. ಗಿರಾಕಿಗಳು ಮನೆ ನೋಡಲು ಬರುವುದನ್ನೇ ಬಿಟ್ಟರು.

ನರ್ಸಮ್ಮ ಅಂಗಡಿಗೆ ಬಂದು ಅತ್ತರು. "ಅಕ್ಕನ ಮಗ್ಗಲ ಮನಿ ಸೋಮವಾರ ಬ್ಯಾರೆಯವರಿಗೆ ಕೊಡ್ತಾರಂತ್ರಿ."

ಕೊನೆಗೆ ಹತ್ತಿಮಿಲ್ಲಿನ ಮೇಸ್ತ್ರಿಯೊಬ್ಬ ನೋಡಲು ಒಪ್ಪಿದ. ಹೊತ್ತು ಮುಳುಗುವಾಗ ಅವನು, ನರ್ಸಮ್ಮ, ಕಂಕುಳಲ್ಲಿ ಎಣ್ಣೆ ಬಾಟಲಿ ಇಟ್ಟುಕೊಂಡು ನಾನು ಹೋದೆವು. ಬಾಗಿಲ ಬಳಿ ಎರಡು ಕಪ್ಪು ಆಕಾರ ನಿಂತಿದ್ದವು. ನಾನು ಆಂಜನೇಯನ ಹೆಸರು ಹೇಳಿದೆ, ಅವೂ ಹೇಳಿದವು. ಹತ್ತಿರ ಹೋದರೆ ಉಳಿದ ಎರಡು ಅಂಗಡಿಯವರು, ಇಬ್ಬರ ಕೈಯಲ್ಲೂ ಎಣ್ಣೆ ಬಾಟಲಿ.

ನಾನು ಟೈಪ್ ಮಾಡಿದ ವಿವರ ಓದಿ ಅವರಿಬ್ಬರೂ ಕೆಲಸ ತಮ್ಮದೇ ಅಂದುಕೊಂಡಿದ್ದರು; ಹೇಳದೆ ಕೇಳದೆ ಮೂವರೂ ದಿನಾ ಬರುತ್ತಿದ್ದೆವು. ಮೊದಲು ಬಂದವನು ಹಚ್ಚಿ ಹೋಗುತ್ತಿದ್ದ, ಆಮೇಲೆ ಬಂದವರು ಓಡುತ್ತಿದ್ದೆವು.

ನರ್ಸಮ್ಮ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. "ಸುಮ್ಮನ ನನ್ನ ಮನಿಗೆ ದೆವ್ವದ ಹೆಸರು ತಂದ್ರಿ ನೀವು." ಕಿಟಕಿಯ ಕಡೆ ಯಾರೂ ನೋಡದೆ ಬೀಗ ತೆಗೆದೆವು.

ಒಳಗೆ ದೀಪ ಉರಿಯುತ್ತಿತ್ತು.

"ಇವತ್ತು ಯಾರು ಹಚ್ಚಿದ್ರಿ?" ಅಂದರು ನರ್ಸಮ್ಮ. ಯಾರೂ ಇನ್ನೂ ಒಳಗೇ ಹೋಗಿರಲಿಲ್ಲ. ಮೂರು ಬಾಟಲಿಯೂ ತುಂಬಿದ್ದವು. ನರ್ಸಮ್ಮ ಹೊಸ್ತಿಲಲ್ಲೇ ಕೂತುಬಿಟ್ಟರು. "ಹೋತು. ನಮ್ಮಕ್ಕನ ಮಗ್ಗಲ ಮನಿ ಹೋತು."

ಮೇಸ್ತ್ರಿ ಬಗ್ಗಿ ದೀಪ ನೋಡಿದ. ಬೆರಳಿಗೆ ಎಣ್ಣೆ ಮುಟ್ಟಿಸಿಕೊಂಡು ಮೂಸಿದ.

"ಅಸಲಿ ಶೇಂಗಾ ಎಣ್ಣಿ ಐತಿ" ಅಂದ. "ಯಾರಾರ ಹಚ್ಚಲಿ ಬಿಡ್ರಿ, ಎಣ್ಣಿ ಖರ್ಚು ಅವರದ ಅಲ್ಲೇನು? ಮನಿ ನಾನು ತಗಂತೀನಿ."